ವರ್ಲಾಕ್‌ನಲ್ಲಿ ಕೆಟ್ಟಿರುವುದು ಏನು? ಮೈಗಳ್ಳ ಕ್ರಾಂತಿಕಾರಿಯ ದೋಷ ಹುಡುಕುವ ಬಗೆ

ನಮ್ಮ ಓದುಗರ ಗುಂಪಿನಲ್ಲಿ ಜೋಸೆಫ್ ಕಾನ್ರಾಡ್ ಬರೆದ ‘ದಿ ಸೀಕ್ರೆಟ್ ಏಜೆಂಟ್’ ಕಾದಂಬರಿ ಮುಗಿಸಿದ ದಿನ ಒಬ್ಬರು ಕೇಳಿದರು: “ಈ ವರ್ಲಾಕ್ ಅಷ್ಟೇನೂ ಕೆಟ್ಟವನಲ್ಲ ಅಲ್ವಾ? ಸುಮ್ನೆ ಸೋಮಾರಿ. ಯಾರಿಗೂ ಕೈ ಎತ್ತಿದವನಲ್ಲ.” ಅರ್ಧ ಜನ ಹೌದು ಅಂತ ತಲೆಯಾಡಿಸಿದರು. ನನಗೆ ಅಂದು ರಾತ್ರಿ ನಿದ್ದೆ ಹತ್ತಲಿಲ್ಲ. ಆ ಸೋಮಾರಿತನಕ್ಕೆ ಆ ಪುಸ್ತಕದಲ್ಲಿ ಒಬ್ಬ ಹುಡುಗನ ಜೀವ ಹೋಗಿದೆ. ಅದು ಓದುವವರ ಕಣ್ಣಿಗೆ ಹೇಗೆ ತಪ್ಪಿತು? ಅದಕ್ಕೇ ಈ ಕೈಪಿಡಿ ಬರೆದೆ. ಕೆಟ್ಟ ಪಂಪ್‌ಸೆಟ್ ಬಿಚ್ಚಿ ನೋಡುವ ಹಾಗೆ, ಮೊದಲು ಹೊರಗೆ ಕಾಣುವುದು, ಆಮೇಲೆ ಒಳಗಿನದು.

ಪುಸ್ತಕ ಬಂದದ್ದು 1907ರಲ್ಲಿ. ಕಥೆ ನಡೆಯುವುದು 1886ರ ಲಂಡನ್‌ನಲ್ಲಿ. ವರ್ಲಾಕ್ ಸೋಹೋ ಬಡಾವಣೆಯಲ್ಲಿ ಒಂದು ಸಣ್ಣ ಅಂಗಡಿ ಇಟ್ಟುಕೊಂಡಿದ್ದಾನೆ. ಮನೆಯಲ್ಲಿ ಹೆಂಡತಿ ವಿನ್ನಿ, ಅವಳ ತಾಯಿ, ಅವಳ ತಮ್ಮ ಸ್ಟೀವಿ. ಸ್ಟೀವಿಯ ಬುದ್ಧಿ ವಯಸ್ಸಿಗೆ ತಕ್ಕಂತೆ ಬೆಳೆದಿಲ್ಲ. ಹೊರಗೆ ವರ್ಲಾಕ್ ಕ್ರಾಂತಿಕಾರಿ, ‘ಶ್ರಮಿಕರ ಭವಿಷ್ಯ’ ಎಂಬ ಸಂಘದ ಉಪಾಧ್ಯಕ್ಷರಲ್ಲಿ ಒಬ್ಬ. ಒಳಗೆ ಒಂದು ವಿದೇಶಿ ರಾಯಭಾರ ಕಚೇರಿಯ ಸಂಬಳದ ಗೂಢಚಾರ.

ಬಿಚ್ಚುವ ಮೊದಲು ಎರಡು ಎಚ್ಚರಿಕೆ

ಕಥೆಯ ಕೊನೆಯವರೆಗಿನ ಸಂಗತಿ ಇಲ್ಲಿ ಬರುತ್ತದೆ. ಪುಸ್ತಕ ಓದದವರು ಮೊದಲು ಓದಿ ಬನ್ನಿ.

ಇನ್ನೊಂದು, ಮೈ ನೋಡಿ ದೋಷ ಹೇಳಬೇಡಿ. ರಾಯಭಾರ ಕಚೇರಿಯ ಅಧಿಕಾರಿ ವ್ಲಾದಿಮಿರ್ ಮಾಡುವ ತಪ್ಪು ಅದೇ. ವರ್ಲಾಕ್‌ನ ದಪ್ಪ ಮೈ ನೋಡಿ, ಹಸಿದ ಕಾರ್ಮಿಕ ವರ್ಗದವನು ಹೀಗಿರುತ್ತಾನಾ ಅಂತ ಹಂಗಿಸುತ್ತಾನೆ. ದಪ್ಪಗಿದ್ದವರು ಹಗಲಿಡೀ ದುಡಿಯುತ್ತಾರೆ. ಬಡಕಲಾಗಿದ್ದವರೂ ಕೂತು ಉಣ್ಣುತ್ತಾರೆ. ನಾವು ನೋಡಬೇಕಾದದ್ದು ನಡತೆಯನ್ನು.

ಲಕ್ಷಣ: ಬಾಯಲ್ಲಿ ಕ್ರಾಂತಿ, ಮೈ ಹಾಸಿಗೆಯಲ್ಲಿ

ಎಲ್ಲಕ್ಕಿಂತ ಸುಲಭದ ಪರೀಕ್ಷೆ ಗಡಿಯಾರ ನೋಡುವುದು. ಇದಕ್ಕೆ ಖರ್ಚಿಲ್ಲ.

ಮದುವೆಗೆ ಮುಂಚೆ ವರ್ಲಾಕ್ ವಿನ್ನಿಯ ತಾಯಿ ನಡೆಸುತ್ತಿದ್ದ ಮನೆಯಲ್ಲಿ ಬಾಡಿಗೆಗೆ ಇದ್ದ. ಬೆಳಗಿನ ತಿಂಡಿ ಹಾಸಿಗೆಗೇ ಬರುತ್ತಿತ್ತು. ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ, ಕೆಲವು ದಿನ ಅದಕ್ಕಿಂತ ತಡ. ಕಥೆ ಶುರುವಾಗುವ ದಿನ ಅವನು ಹತ್ತೂವರೆಗೆ ಮನೆ ಬಿಡುತ್ತಾನೆ. ಅವನ ಲೆಕ್ಕಕ್ಕೆ ಅದು ಬಹಳ ಬೇಗ. ಅವನ ತಂದೆತಾಯಿ ಮೈ ಮುರಿದು ದುಡಿದವರು ಅಂತಲೂ ಕಾನ್ರಾಡ್ ಹೇಳುತ್ತಾನೆ. ಅಂದರೆ ಇದು ಮನೆಯಿಂದ ಬಂದದ್ದಲ್ಲ, ಇವನೇ ಆರಿಸಿಕೊಂಡದ್ದು.

ಅವನಿಗೆ ಶಕ್ತಿಯೂ ಇದೆ, ಅದನ್ನು ಮರೆಯಬೇಡಿ. ತನ್ನ ದನಿ ಎಷ್ಟು ದೊಡ್ಡದು ಎಂದು ತೋರಿಸಲು ರಾಯಭಾರ ಕಚೇರಿಯ ಕಿಟಕಿಯಿಂದ ಒಮ್ಮೆ ಕೂಗುತ್ತಾನೆ. ಹೊರಗಿದ್ದ ಪೊಲೀಸ್ ಪೇದೆ ಬೆಚ್ಚಿ ತಿರುಗುತ್ತಾನೆ. ಬಯಲು ಸಭೆಗಳಲ್ಲಿ ಮಾತಾಡಿ ಹೆಸರಾದ ಗಂಟಲು ಅದು. ಆದರೂ ಅವನು ಕಾರ್ಮಿಕರ ಮುಖಂಡ ಆಗಲಿಲ್ಲ, ಭಾಷಣಕಾರನೂ ಆಗಲಿಲ್ಲ. ಅಷ್ಟು ತ್ರಾಸು ಅವನಿಗೆ ಬೇಡ.

ಇಷ್ಟರಿಂದ ಗೊತ್ತಾಗುವುದು ಸ್ವಲ್ಪವೇ: ಇವನು ತನ್ನ ಮೈಯನ್ನು ಬಹಳ ಜೋಪಾನ ಮಾಡುತ್ತಾನೆ. ತಡವಾಗಿ ಏಳುವುದೇ ದೋಷ ಅಲ್ಲ. ರಾತ್ರಿ ಪಾಳಿ ಮುಗಿಸಿ ಬಂದವರೂ ಹನ್ನೆರಡಕ್ಕೆ ಏಳುತ್ತಾರೆ. ಹಾಗಾಗಿ ಇಲ್ಲೇ ತೀರ್ಪು ಕೊಡಬೇಡಿ. ಇದರ ಜೊತೆಗೆ ಇನ್ನೊಂದನ್ನು ಗಮನಿಸಿ. ಇವನು ಮಲಗಿದ್ದಾಗ ಅಂಗಡಿಯಲ್ಲಿ ಯಾರು ನಿಲ್ಲುತ್ತಾರೆ? ಅಡುಗೆ ಯಾರದು? ವರ್ಲಾಕ್ ಮನೆಯಲ್ಲಿ ಎರಡಕ್ಕೂ ಉತ್ತರ ವಿನ್ನಿ. ಅಂಗಡಿಯ ಒಡಕು ಗಂಟೆ ಬಾರಿಸಿದಾಗ ಹೆಚ್ಚಾಗಿ ಎದ್ದು ಬರುವವಳು ಅವಳು. ಈ ಉತ್ತರವನ್ನು ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಲಕ್ಷಣ: ಮನೆ ನಡೆಯುತ್ತಿದೆ, ಆದಾಯದ ಲೆಕ್ಕ ಕೂಡುತ್ತಿಲ್ಲ

ಈಗ ಪೆನ್ನು, ಕಾಗದ ಬೇಕು. ಅಂಗಡಿಯಲ್ಲಿ ಇರುವುದು ಅಶ್ಲೀಲ ಚಿತ್ರಗಳು, ಹಳೆ ಪತ್ರಿಕೆಗಳು, ಮಸಿ ಬಾಟಲಿ, ಇಂಥವೇ. ಗಿರಾಕಿ ಕಡಿಮೆ. ಮನೆಯಲ್ಲಿ ನಾಲ್ಕು ಬಾಯಿ. ಆದರೂ ಊಟಕ್ಕೆ ಕೊರತೆ ಇಲ್ಲ, ಯಜಮಾನನಿಗೆ ಆತುರವೂ ಇಲ್ಲ. ದುಡ್ಡು ಎಲ್ಲಿಂದ?

ಹುಡುಕುತ್ತಾ ಹೋದರೆ ಅವನಿಗೆ ಮೂರು ಆಸರೆ ಸಿಗುತ್ತವೆ. ರಾಯಭಾರ ಕಚೇರಿ ಸಂಬಳ ಕೊಡುತ್ತದೆ, ಸಂಗಾತಿಗಳ ಸುದ್ದಿ ತಂದುಕೊಡಲು. ಲಂಡನ್ ಪೊಲೀಸ್‌ನ ಇನ್‌ಸ್ಪೆಕ್ಟರ್ ಹೀಟ್‌ಗೂ ಇವನು ಸುದ್ದಿ ಕೊಡುತ್ತಾನೆ. ಅದಕ್ಕೆ ಬದಲು ಅವನ ಕಳ್ಳ ಸರಕಿನ ಕಡೆ ಪೊಲೀಸರ ಕಣ್ಣು ಬೀಳುವುದಿಲ್ಲ. ಇನ್ನು ಸಂಗಾತಿಗಳು ಕೊಡುವುದು ನಂಬಿಕೆ. ಆ ನಂಬಿಕೆ ಇಲ್ಲದಿದ್ದರೆ ಮಾರಲು ಸುದ್ದಿಯೇ ಇರುವುದಿಲ್ಲ.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಕ್ರಾಂತಿ ಗೆದ್ದರೆ ಇವನ ಸಂಬಳ ನಿಲ್ಲುತ್ತದೆ. ಕ್ರಾಂತಿಕಾರಿಗಳೆಲ್ಲ ಜೈಲು ಸೇರಿದರೂ ನಿಲ್ಲುತ್ತದೆ. ಇವನಿಗೆ ಬೇಕಾಗಿರುವುದು ಒಂದೇ: ಎಲ್ಲವೂ ಇದ್ದ ಹಾಗೇ ಇರಬೇಕು. ನನಗೆ ಈ ಪಾತ್ರ ಅರ್ಥವಾದದ್ದು ಇಲ್ಲಿಂದ. ರಾಯಭಾರ ಕಚೇರಿಗೆ ನಡೆದು ಹೋಗುವಾಗ ಅವನು ಹೈಡ್ ಪಾರ್ಕ್‌ನಲ್ಲಿ ಕುದುರೆ ಮೇಲೆ, ಗಾಡಿಗಳಲ್ಲಿ ಹೋಗುವ ಶ್ರೀಮಂತರನ್ನು ನೋಡುತ್ತಾನೆ. ಇವರಿಗೆಲ್ಲ ರಕ್ಷಣೆ ಬೇಕು ಅಂತ ಮನಸ್ಸಿನಲ್ಲೇ ಅಂದುಕೊಳ್ಳುತ್ತಾನೆ. ಆ ಮಾತು ಅವನ ಒಳಗಿನಿಂದ ಬಂದದ್ದು, ಅಲ್ಲಿ ಕೇಳುವವರು ಯಾರೂ ಇಲ್ಲ. ಶ್ರಮಿಕರ ಸಂಘದ ಉಪಾಧ್ಯಕ್ಷ ಅವನು.

ಅಳೆಯುವಾಗ ಒಂದು ವಿಷಯ ಸರಿಯಾಗಿ ಹಿಡಿಯಿರಿ. ರಾಜಕೀಯ ಕೆಲಸಕ್ಕೆ ಸಂಬಳ ಪಡೆಯುವುದು ತಪ್ಪಲ್ಲ. ಕಾರ್ಮಿಕ ಸಂಘಗಳಲ್ಲಿ ಪೂರ್ಣಾವಧಿ ಕೆಲಸ ಮಾಡುವವರೂ ಮನೆ ನಡೆಸಬೇಕು. ಕೇಳಬೇಕಾದದ್ದು ಇಷ್ಟು: ದುಡ್ಡು ಕೊಡುವವರ ಹೆಸರನ್ನು ಸಭೆಯಲ್ಲಿ ಎದ್ದು ನಿಂತು ಹೇಳಬಲ್ಲನೇ? ವರ್ಲಾಕ್ ತನ್ನ ಹೆಂಡತಿಗೂ ಹೇಳಿಲ್ಲ.

ಲಕ್ಷಣ: ಚರ್ಚೆಗೆ ಸಿಗುತ್ತಾನೆ, ಕೆಲಸಕ್ಕೆ ಸಿಗುವುದಿಲ್ಲ

ಅಂಗಡಿಯ ಹಿಂದಿನ ಕೋಣೆಯಲ್ಲಿ ಸಂಗಾತಿಗಳು ಸೇರುತ್ತಾರೆ. ಮೈಕೇಲಿಸ್, ಮುದುಕ ಯುಂಟ್, ಒಸಿಪಾನ್. ಮಾತು ಬಹಳ ಇದೆ. ನಾಳೆ ಯಾರು ಏನು ಮಾಡಬೇಕು ಎಂಬುದು ಮಾತ್ರ ಇಲ್ಲ. ಅವರು ಹೋದ ಮೇಲೆ ವರ್ಲಾಕ್ ಕೂತು ಅವರ ಬಗ್ಗೆ ಯೋಚಿಸುತ್ತಾನೆ: ಎಲ್ಲ ಸೋಮಾರಿಗಳು. ಯುಂಟ್‌ನನ್ನು ಒಬ್ಬ ಮುದುಕಿ ಸಾಕುತ್ತಿದ್ದಾಳೆ. ಮೈಕೇಲಿಸ್‌ಗೆ ಒಬ್ಬ ಶ್ರೀಮಂತ ಮಹಿಳೆಯ ಆಸರೆ. ಒಸಿಪಾನ್ ಉಳಿತಾಯ ಇರುವ ಹೆಣ್ಣುಮಕ್ಕಳನ್ನು ನಂಬಿ ಬದುಕುತ್ತಾನೆ. ವರ್ಲಾಕ್‌ನ ಲೆಕ್ಕ ಸರಿಯಾಗಿಯೇ ಇದೆ. ಆದರೆ ಆ ಸಾಲಿನಲ್ಲಿ ತನ್ನ ಹೆಸರು ಬರೆಯಲು ಅವನಿಗೆ ಹೊಳೆಯುವುದಿಲ್ಲ. ಇಂಥವರು ಬಂಡೇಳುವುದು ಸುಖದ ವಿರುದ್ಧ ಅಲ್ಲ, ಸುಖಕ್ಕೆ ತೆರಬೇಕಾದ ದುಡಿಮೆಯ ವಿರುದ್ಧ ಅಂತ ಕಾನ್ರಾಡ್ ಬರೆಯುತ್ತಾನೆ.

ಈ ಭಾಗ ಓದುವಾಗ ಹುಷಾರು. ಇದನ್ನೇ ಹಿಡಿದು “ಚಳವಳಿಗಾರರೆಲ್ಲ ಹೀಗೇ” ಅನ್ನುವ ಜನ ಇದ್ದಾರೆ. ಕಾನ್ರಾಡ್‌ಗೂ ಈ ಪುಸ್ತಕದಲ್ಲಿ ಕ್ರಾಂತಿಕಾರಿಗಳ ಮೇಲೆ ಸಿಟ್ಟು ಜಾಸ್ತಿ. ಆದರೆ ನಿಜವಾದ ಬದ್ಧತೆಗೆ ಎಷ್ಟು ಬೆಲೆ ತೆರಬೇಕು ಎಂಬುದು ಅವನ ಮನೆಯಲ್ಲೇ ಇತ್ತು. ಅವನ ತಂದೆ ಅಪೊಲೊ ಕೊಜೆನಿಯೋವ್‌ಸ್ಕಿ ಪೋಲೆಂಡ್‌ನ ಸ್ವಾತಂತ್ರ್ಯಕ್ಕೆ ದುಡಿದವರು. 1861ರಲ್ಲಿ ವಾರ್ಸಾದಲ್ಲಿ ರಷ್ಯಾದ ಆಡಳಿತ ಅವರನ್ನು ಬಂಧಿಸಿತು. 1862ರಲ್ಲಿ ಇಡೀ ಕುಟುಂಬವನ್ನು ಉತ್ತರ ರಷ್ಯಾದ ವೊಲಾಗ್ಡಾಕ್ಕೆ ಗಡೀಪಾರು ಮಾಡಿದರು. ಮಗನಿಗೆ ಆಗ ಐದು ವರ್ಷವೂ ತುಂಬಿರಲಿಲ್ಲ. ಕ್ಷಯ ತಗುಲಿದ ತಾಯಿ 1865ರಲ್ಲಿ ತೀರಿಕೊಂಡರು, ತಂದೆ 1869ರಲ್ಲಿ. ಹನ್ನೊಂದನೇ ವಯಸ್ಸಿಗೆ ಅನಾಥನಾದ ಹುಡುಗ ಮುಂದೆ ವರ್ಲಾಕ್‌ನನ್ನು ಬರೆದ. ಅದು ಗೊತ್ತಿದ್ದರೆ ಆ ಸಿಟ್ಟು ಬೇರೆ ಥರ ಕೇಳಿಸುತ್ತದೆ.

ಲಕ್ಷಣ: ವರ್ಷಗಟ್ಟಲೆ ಅಲುಗಾಡದವನು ಒಂದು ದಿನ ಚುರುಕಾಗುತ್ತಾನೆ

ಮೋಟಾರು ಖಾಲಿ ಓಡುವಾಗ ಕಾಣದ ದೋಷ ಭಾರ ಬಿದ್ದಾಗ ಕಾಣುತ್ತದೆ. ಇಲ್ಲಿ ಭಾರ ಹಾಕುವವನು ವ್ಲಾದಿಮಿರ್. ಹಳೆ ರಾಯಭಾರಿ ವರ್ಲಾಕ್‌ನ ಮಾತು ನಂಬುತ್ತಿದ್ದ. ಹೊಸಬ ನಂಬುವುದಿಲ್ಲ. ಕೆಲಸ ಇಲ್ಲದಿದ್ದರೆ ಸಂಬಳ ಇಲ್ಲ ಅನ್ನುತ್ತಾನೆ. ಗ್ರೀನಿಚ್ ವೀಕ್ಷಣಾಲಯಕ್ಕೆ ಬಾಂಬ್ ಇಡಬೇಕು, ಇಂಗ್ಲೆಂಡ್ ಬೆಚ್ಚಿಬಿದ್ದು ಅಲ್ಲಿ ಆಶ್ರಯ ಪಡೆದ ಕ್ರಾಂತಿಕಾರಿಗಳ ಮೇಲೆ ಬೀಳಬೇಕು, ಇದು ಅವನ ಹಂಚಿಕೆ.

ಗ್ರೀನಿಚ್ಚೇ ಏಕೆ? 1884ರಲ್ಲಿ ವಾಷಿಂಗ್ಟನ್‌ನಲ್ಲಿ ನಡೆದ ಸಮ್ಮೇಳನ ಗ್ರೀನಿಚ್ ಮೂಲಕ ಹಾಯುವ ರೇಖೆಯನ್ನು ಸೊನ್ನೆ ಡಿಗ್ರಿ ರೇಖಾಂಶ ಎಂದು ಒಪ್ಪಿತ್ತು. ಇಡೀ ಲೋಕಕ್ಕೆ ಗೊತ್ತಿರುವ ಜಾಗ. ಕಾನ್ರಾಡ್‌ಗೆ ಎಳೆ ಸಿಕ್ಕಿದ್ದು ನಿಜವಾಗಿ ನಡೆದ ಘಟನೆಯಿಂದ. 1894ರ ಫೆಬ್ರುವರಿ 15ರಂದು ಮಾರ್ಸಿಯಲ್ ಬೂರ್ದಾಂ ಎಂಬ 26 ವರ್ಷದ ಫ್ರೆಂಚ್ ಯುವಕನ ಬಾಂಬ್ ಗ್ರೀನಿಚ್ ಪಾರ್ಕ್‌ನಲ್ಲಿ ಅವನ ಕೈಯಲ್ಲೇ ಸಿಡಿಯಿತು. ವೀಕ್ಷಣಾಲಯಕ್ಕೆ ಏನೂ ಆಗಲಿಲ್ಲ. ಅವನು ಸತ್ತ.

ವರ್ಲಾಕ್‌ನ ಕಡೆ ಬನ್ನಿ. ಇಷ್ಟು ವರ್ಷ ಬಡವರ ಪಾಡು ಅವನನ್ನು ಕುರ್ಚಿಯಿಂದ ಎಬ್ಬಿಸಲಿಲ್ಲ. ಸಂಗಾತಿಗಳ ಮಾತೂ ಎಬ್ಬಿಸಲಿಲ್ಲ. ಸಂಬಳ ನಿಲ್ಲುತ್ತದೆ ಅಂದ ಕೂಡಲೇ ಅವನಿಗೆ ನಿದ್ದೆ ಕೆಟ್ಟಿತು. ಯಾವುದಕ್ಕೆ ಒಬ್ಬನ ನಿದ್ದೆ ಕೆಡುತ್ತದೆ ಅಂತ ನೋಡಿ. ಅವನು ನಿಜವಾಗಿ ನಂಬುವುದು ಅದನ್ನು. ಈ ಹಂತದಲ್ಲಿ ದೋಷ ಬಹುಮಟ್ಟಿಗೆ ಪತ್ತೆಯಾಯಿತು.

ಲಕ್ಷಣ: ಕೆಲಸ ತನ್ನದು, ಹೊರುವ ಕೈ ಇನ್ನೊಬ್ಬರದು

ಇದು ಕೊನೆಯ ಪರೀಕ್ಷೆ, ಎಲ್ಲಕ್ಕಿಂತ ಕಷ್ಟದ್ದು. ಇಲ್ಲಿ ಅವನೊಬ್ಬನನ್ನು ನೋಡಿದರೆ ಸಾಲದು. ಅವನ ಸುತ್ತ ಇರುವವರನ್ನು ನೋಡಬೇಕು. ಮೊದಲು ಬರೆದಿಟ್ಟುಕೊಂಡ ಉತ್ತರ ಈಗ ತೆಗೆಯಿರಿ.

ಅಂಗಡಿ ನೋಡಿಕೊಳ್ಳುವವಳು ವಿನ್ನಿ. ತಿಂಡಿ ತಂದುಕೊಟ್ಟವಳೂ ಅವಳೇ. ಅವಳು ಇವನನ್ನು ಮದುವೆಯಾದದ್ದೇ ತಮ್ಮನಿಗೊಂದು ನೆಲೆ ಸಿಗಲಿ ಅಂತ. ಅದಕ್ಕಾಗಿ ತನಗೆ ಇಷ್ಟವಾಗಿದ್ದ ಒಬ್ಬ ಹುಡುಗನನ್ನು ಬಿಟ್ಟವಳು. ಅವಳ ತಾಯಿ, ತಾನೂ ಭಾರವಾದರೆ ಮಗನನ್ನು ಅಳಿಯ ಹೊರಹಾಕಿಯಾನು ಅಂತ ಹೆದರಿ ತಾನಾಗಿ ಅನಾಥ ವಿಧವೆಯರ ಆಶ್ರಮ ಸೇರಿದಳು. ಸ್ಟೀವಿಗೆ ಅಕ್ಕ ಮತ್ತು ಅಮ್ಮ ಒಂದೇ ಪಾಠ ಹೇಳಿಕೊಟ್ಟಿದ್ದಾರೆ: ಭಾವ ಒಳ್ಳೆಯವರು. ಇವನ ಕುರ್ಚಿ ಅಲುಗಾಡದ ಹಾಗೆ ಮೂರು ಜನ ಕೆಳಗೆ ನಿಂತು ಹಿಡಿದಿದ್ದಾರೆ. ಇವನು ಯಾರನ್ನೂ ಬೈಯುವುದಿಲ್ಲ, ಹೊಡೆಯುವುದಿಲ್ಲ. ಕೂತಿರುತ್ತಾನೆ, ಅಷ್ಟೇ. ನಮ್ಮ ಗುಂಪಿನವರು ಅವನನ್ನು ಪಾಪದವನು ಅಂದುಕೊಂಡದ್ದು ಅದರಿಂದಲೇ.

ಬಾಂಬ್ ಇಡುವ ಕೆಲಸ ಬಂದಾಗ ಅದೇ ಅಭ್ಯಾಸ ಮುಂದುವರಿಯಿತು. ಗಂಟೆ ಬಾರಿಸಿದರೆ ಏಳುವವರು ಬೇರೆಯವರು, ಡಬ್ಬಿ ಹೊರುವವರೂ ಬೇರೆಯವರು. ಗಂಡನೂ ತಮ್ಮನೂ ಹತ್ತಿರ ಆಗಲಿ ಅಂತ, ಅವನನ್ನೂ ಜೊತೆಗೆ ಕರೆದುಕೊಂಡು ಹೋಗಿ ಎಂದು ಹೇಳುವವಳು ವಿನ್ನಿಯೇ. ಇಬ್ಬರೂ ಒಟ್ಟಿಗೆ ನಡೆದು ಹೋಗುವುದನ್ನು ನೋಡಿ, ಅಪ್ಪ ಮಗನ ಹಾಗೆ ಕಾಣುತ್ತಾರೆ ಅಂತ ಹಿಗ್ಗುತ್ತಾಳೆ. ಆ ನಡಿಗೆಗಳಲ್ಲಿ ವರ್ಲಾಕ್ ಹುಡುಗನನ್ನು ತಯಾರು ಮಾಡುತ್ತಿದ್ದ. ಸಿಕ್ಕಿಬಿದ್ದರೂ ಬಾಯಿ ಬಿಡಬಾರದು ಅಂತ ಕಲಿಸುತ್ತಿದ್ದ. ಹುಡುಗ ಸಿಕ್ಕಿಬೀಳಬಹುದು ಎಂಬುದು ಅವನ ಲೆಕ್ಕದಲ್ಲಿ ಇತ್ತು. ತನಗೆ ಏನೂ ಆಗದಿದ್ದರೆ ಅದು ಅವನಿಗೆ ಸಮ್ಮತವೂ ಆಗಿತ್ತು.

ಪಾರ್ಕ್‌ನಲ್ಲಿ ಬಾಂಬ್ ಹೊತ್ತಿದ್ದ ಸ್ಟೀವಿ ಮರದ ಬೇರಿಗೆ ಎಡವಿದ, ಬಾಂಬ್ ಸಿಡಿಯಿತು. ಉಳಿದದ್ದು ಕೋಟಿನ ಚೂರು. ತಮ್ಮ ದಾರಿ ತಪ್ಪಿದರೆ ಯಾರಾದರೂ ಮನೆಗೆ ತಲುಪಿಸಲಿ ಅಂತ ವಿನ್ನಿ ಆ ಕೋಟಿನ ಒಳಗೆ ವಿಳಾಸದ ಪಟ್ಟಿ ಹೊಲಿದಿದ್ದಳು: 32, ಬ್ರೆಟ್ ಸ್ಟ್ರೀಟ್. ಆ ಬಟ್ಟೆಯ ತುಂಡು ಹಿಡಿದು ಪೊಲೀಸರು ಮನೆಗೆ ಬಂದರು.

ಲಕ್ಷಣ: “ನನ್ನ ತಪ್ಪೇನಿದೆ?”

ಇನ್ನೂ ಅನುಮಾನ ಇದ್ದವರಿಗೆ ಇದು. ಹುಡುಗ ಸತ್ತ ರಾತ್ರಿ ವರ್ಲಾಕ್ ಮೇಜಿನ ಮೇಲಿದ್ದ ತಣ್ಣನೆ ಮಾಂಸ ಕತ್ತರಿಸಿ ತಿನ್ನುತ್ತಾನೆ. ಹೆಂಡತಿಗೆ ಸಮಾಧಾನ ಹೇಳುತ್ತಾನೆ. ಹುಡುಗನಿಗೆ ಕೇಡಾಗಲಿ ಅಂತ ತಾನು ಬಯಸಿರಲಿಲ್ಲ ಅನ್ನುತ್ತಾನೆ. ಅದು ನಿಜವೇ. ಆಮೇಲೆ ವ್ಲಾದಿಮಿರ್‌ನನ್ನು ಬೈಯುತ್ತಾನೆ. ಕೊನೆಗೆ, ನಾನು ಕೊಂದೆ ಅನ್ನುವುದಾದರೆ ನೀನೂ ಅಷ್ಟೇ ಕೊಂದೆ ಅಂತ ವಿನ್ನಿಗೇ ಹೇಳುತ್ತಾನೆ. ತಪ್ಪು ಹೊರುವುದೂ ಒಂದು ಭಾರ ತಾನೇ? ಅದನ್ನೂ ಅವಳ ತಲೆಗೇ ಕಟ್ಟಿ ಸೋಫಾದ ಮೇಲೆ ಉರುಳುತ್ತಾನೆ. ಅಲ್ಲಿಂದಲೇ ಅವಳನ್ನು ಹತ್ತಿರ ಕರೆಯುತ್ತಾನೆ. ಅವಳು ಬರುವಾಗ ಕೈಯಲ್ಲಿ ಆ ಮಾಂಸ ಕತ್ತರಿಸುವ ಚಾಕು ಇತ್ತು.

ಈ ದೋಷದ ಹಾಗೆ ಕಾಣುವ, ಆದರೆ ಬೇರೆಯಾದ ಸ್ಥಿತಿಗಳು

ದಣಿದವರನ್ನು ಮೈಗಳ್ಳರು ಅಂದುಬಿಡುವುದು ಸುಲಭ. ವರ್ಷಗಟ್ಟಲೆ ಚಳವಳಿಯಲ್ಲಿ ದುಡಿದು ಸುಸ್ತಾಗಿ ಮನೆ ಸೇರಿದವರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಖಿನ್ನತೆ ಇದ್ದವರಿಗೂ ಹಾಸಿಗೆ ಬಿಟ್ಟು ಏಳಲು ಆಗುವುದಿಲ್ಲ. ಅವರಿಗೆ ಬೇಕಾದ್ದು ವೈದ್ಯರು, ಹಾಗೂ ಪಕ್ಕದಲ್ಲಿ ಕೂರುವ ಒಬ್ಬ ಸ್ನೇಹಿತ.

ಕಾದಂಬರಿಯ ಒಳಗೂ ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಮೈಕೇಲಿಸ್ ಕೂಡ ಬೇರೆಯವರ ಮನೆಯಲ್ಲಿ ಉಣ್ಣುತ್ತಾನೆ. ಆದರೆ ಅವನು ಕೈದಿಗಳನ್ನು ಬಿಡಿಸುವ ಒಂದು ಪ್ರಯತ್ನದಲ್ಲಿ ಸಿಕ್ಕಿ ಹದಿನೈದು ವರ್ಷ ಜೈಲಿನಲ್ಲಿದ್ದವನು. ಅಂದು ಸತ್ತ ಪೇದೆಗಾಗಿ ಮರುಗಿದವನು. ಅವನ ಮಾತು ಮಂಜಿನಂತೆ ಇರಬಹುದು. ಬೆಲೆಯನ್ನಂತೂ ತಾನೇ ತೆತ್ತಿದ್ದಾನೆ.

ಎಲ್ಲಿ ನಿಲ್ಲಿಸಿ ನೆರವು ಕೇಳಬೇಕು

ಪುಸ್ತಕದ ವಿಷಯವಾದರೆ ಕೊನೆಯವರೆಗೂ ಬಿಚ್ಚಿ. ನಿಮ್ಮ ಮನೆಯಲ್ಲೋ ಸಂಘದಲ್ಲೋ ಇಂಥವರು ಕಂಡರೆ ಮೊದಲ ಎರಡು ಪರೀಕ್ಷೆಗೆ ನಿಲ್ಲಿಸಿ. ಒಬ್ಬರೇ ಗೂಢಚಾರಿಕೆ ಮಾಡಬೇಡಿ. ಸಂಘದ ಲೆಕ್ಕ ಕೇಳಬೇಕಿದ್ದರೆ ಸಭೆಯಲ್ಲಿ, ಎಲ್ಲರ ಎದುರು ಕೇಳಿ. ಬೆನ್ನ ಹಿಂದೆ ಅನುಮಾನ ಹಬ್ಬಿಸಿದರೆ ಪ್ರಾಮಾಣಿಕವಾಗಿ ದುಡಿಯುವವರೂ ಒಬ್ಬೊಬ್ಬರಾಗಿ ದೂರವಾಗುತ್ತಾರೆ.

ಆದರೆ ಮಕ್ಕಳನ್ನೋ ಬುದ್ಧಿ ಬೆಳೆಯದವರನ್ನೋ ಅಪಾಯದ ಕೆಲಸಕ್ಕೆ ಕಳಿಸುತ್ತಿದ್ದಾರೆ ಅನ್ನಿಸಿದರೆ ಕೈಪಿಡಿ ಪಕ್ಕಕ್ಕಿಡಿ. ಮಕ್ಕಳ ಸಹಾಯವಾಣಿ 1098. ತುರ್ತು ಇದ್ದರೆ 112. ಮಹಿಳೆಯರಿಗೆ 181. ತಡ ಮಾಡಬೇಡಿ. ಸಂಗತಿಗಳನ್ನು ಜಾಸ್ತಿ ಕೆದಕಿ ನೋಡಬಾರದು ಎಂಬುದು ವಿನ್ನಿಯ ಬದುಕಿನ ನಿಯಮ. ಮನೆಯಲ್ಲಿ ಏನೋ ನಡೆಯುತ್ತಿದೆ ಅಂತ ಅವಳಿಗೆ ಕಾಣುವಷ್ಟು ಸುಳಿವು ಇತ್ತು.

ಸರಿ ಇರುವ ಭಾಗ ಪಕ್ಕದಲ್ಲಿಟ್ಟು ನೋಡಿ

ಮೆಕ್ಯಾನಿಕ್‌ಗಳು ಅನುಮಾನ ಬಂದಾಗ ಸರಿ ಇರುವ ಇನ್ನೊಂದು ಪಾರ್ಟ್ ತಂದು ಹೋಲಿಸುತ್ತಾರೆ. ಈ ಮನೆಯಲ್ಲಿ ಸರಿ ಇರುವ ಭಾಗ ಸ್ಟೀವಿ. ಅವನಿಗೆ ಕ್ರಾಂತಿ ಎಂಬ ಪದದ ಅರ್ಥ ಗೊತ್ತಿಲ್ಲ. ಎಂಟನೇ ಅಧ್ಯಾಯ ತೆಗೆಯಿರಿ. ತಾಯಿಯನ್ನು ಆಶ್ರಮಕ್ಕೆ ಬಿಡಲು ಮೂವರೂ ಒಂದು ಬಾಡಿಗೆ ಕುದುರೆಗಾಡಿಯಲ್ಲಿ ಹೊರಟಿದ್ದಾರೆ. ಕುದುರೆಯ ಪಕ್ಕೆಲುಬು ಎಣಿಸಬಹುದು. ಗಾಡಿಯವನು ಚಾಟಿ ಎತ್ತುತ್ತಾನೆ. ಪಕ್ಕದಲ್ಲಿ ಕೂತ ಸ್ಟೀವಿ ಹೊಡೀಬೇಡ, ಅದಕ್ಕೆ ನೋವಾಗುತ್ತೆ ಅಂತ ತೊದಲುತ್ತಾನೆ. ಗಾಡಿಯವನು ಕೇಳುವುದಿಲ್ಲ. ಆಗ ಈ ಹುಡುಗ ತನ್ನ ಜಾಗ ಬಿಟ್ಟು ಬೀದಿಗೆ ಇಳಿಯುತ್ತಾನೆ. ಅಕ್ಕ ಹೆದರಿ ಹತ್ತು ಹತ್ತು ಅಂತ ಕೂಗುತ್ತಾಳೆ. ಭಾರ ಜಾಸ್ತಿ ಆಯ್ತು, ನಡೀಬೇಕು, ನಡೀಬೇಕು ಅನ್ನುತ್ತಾ ಅವನು ಗಾಡಿಯ ಪಕ್ಕದಲ್ಲಿ ನಿಂತಿರುತ್ತಾನೆ.